ಆ ದೇಶದ ಕಾನೂನು ಹುಡುಕಿದ ಮಧ್ಯಾಹ್ನಗಳು

ಮಕ್ಕಳೇ, ನಿಮ್ಮ ಅಮ್ಮ ಗಲ್ಫಿನಲ್ಲಿದ್ದಾಗ, ಕಾಫಿ ಕೊಯ್ಲು ಮುಗಿದು ಗಿಡಗಳಲ್ಲಿ ಹೂ ಅರಳಿಸುವ ಹೂಮಳೆಗೆ ಕಾಯುವ ದಿನಗಳಲ್ಲಿ, ನಾನು ಮಧ್ಯಾಹ್ನವಾದರೆ ಗೋಣಿಬೀಡಿಗೆ ಹೋಗಿಬಿಡುತ್ತಿದ್ದೆ. ನೀವು ಸ್ಕೂಲಿನಿಂದ ಬರುವಾಗ ಬಾಗಿಲಿಗೆ ಬೀಗ. ಎಸ್ಟೇಟ್ ಆಳುಗಳ ಸಾಲಿನಲ್ಲಿ ಪಕ್ಕದ ಲೈನ್ ಮನೆಯ ಜಗಲಿಯಲ್ಲಿ ಬ್ಯಾಗು ಇಟ್ಟುಕೊಂಡು ಕೂತಿರುತ್ತಿದ್ದಿರಿ. "ನಮ್ಮಜ್ಜಿಗೆ ಮೊಬೈಲ್ ಹುಚ್ಚು ಹಿಡ್ದಿದೆ" ಎಂದು ನಿಮ್ಮಲ್ಲಿ ದೊಡ್ಡವಳು ಯಾರಿಗೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ನಾನು ಅಲ್ಲಿ ಕೂತು ಹುಡುಕುತ್ತಿದ್ದುದು ನಿಮ್ಮ ಅಮ್ಮ ಇದ್ದ ದೇಶದ ಕಾನೂನನ್ನು.

ದೇಶದ ಹೆಸರು ಬರೆಯಬೇಡ ಎಂದು ಅವಳೇ ಹೇಳಿದ್ದಾಳೆ, ಬರೆಯುವುದಿಲ್ಲ. ಅಲ್ಲಿ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿದ್ದಳು. ಎರಡು ವರ್ಷದ ಕರಾರು. ಕರಾರು ಮುಗಿಯಿತು. ಬರುವ ತಿಂಗಳು ಬರುತ್ತೇನೆ ಎಂದಳು. ಆ ತಿಂಗಳು ಬಂದಾಗ ಇನ್ನೊಂದು ತಿಂಗಳು ಎಂದಳು. ಮಾತಾಡಲು ಅವಳಿಗೆ ಬಿಡುವು ಸಿಗುತ್ತಿದ್ದುದು ಶುಕ್ರವಾರ ಮಾತ್ರ. ಒಂದು ಶುಕ್ರವಾರ ನಾನು ಬಿಡದೆ ಕೇಳಿದ ಮೇಲೆ ಹೇಳಿದಳು.

"ಪಾಸ್‌ಪೋರ್ಟ್ ಅವ್ರ ಹತ್ರ ಇದೆ ಅಮ್ಮ. ಬೇರೆಯವ್ರು ಸಿಗೋವರ್ಗೂ ಇರು ಅಂತಾರೆ."

ಅವರು ಎಂದರೆ ಮುದುಕಿಯ ಮಗಳು, ಆ ಮನೆಯ ಯಜಮಾನಿ.

ನಿಮ್ಮ ಅಪ್ಪ ಲಾರಿಯ ಮೇಲೆ ಊರೂರು ಸುತ್ತುತ್ತಿದ್ದರು. ಕಳಿಸಿದ ಏಜೆಂಟನ ಫೋನು ರಿಂಗಾಗುತ್ತಲೇ ಇರುತ್ತಿತ್ತು, ಎತ್ತುವವರಿಲ್ಲ. ನಿಮ್ಮ ಅಜ್ಜ ಇದ್ದಿದ್ದರೆ ಯಾರನ್ನಾದರೂ ಹಿಡಿಯುತ್ತಿದ್ದರು. ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು, ನಾಲ್ಕು ಜನರ ಎದುರು ನಿಂತು ಮಾತಾಡಿ ಗೊತ್ತಿದ್ದವರು. ನಾನು ಹಳ್ಳಿಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವಳು. ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಹೋದರೂ ಕೂಗದೆ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆಯುವವಳು.

ನೀವು ಹೋಟೆಲಜ್ಜಿ ಎನ್ನುವ ನನ್ನ ನಾದಿನಿಗೆ ವಿಷಯ ಹೇಳಿದೆ. ನಮ್ಮ ಲೈನಿನಲ್ಲಿ ಇಂಟರ್ನೆಟ್ ಸರಿಯಾಗಿ ಸಿಗುವುದಿಲ್ಲ, ಗೋಣಿಬೀಡಿನಲ್ಲಿ ಅವಳ ಹೋಟೆಲಿನಲ್ಲಿ ಚೆನ್ನಾಗಿ ಸಿಗುತ್ತದೆ. ಮೈಕಿನ ಚಿತ್ರ ಒತ್ತಿ ಕನ್ನಡದಲ್ಲಿ ಕೇಳಿದರೆ ಫೋನೇ ಹುಡುಕಿ ಕೊಡುತ್ತದೆ ಎಂದು ತೋರಿಸಿದಳು. ಆದರೆ ಊಟದ ಹೊತ್ತು, ಬೆಂಚಿನ ತುಂಬ ಜನ. ನಾನು ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದೆ. ಫೋನಿಗೆ ಕೇಳಿಸಲಿಲ್ಲ.

"ಅತ್ತಿಗೆ, ದೇವ್ರ ಮುಂದೆ ಹರಕೆ ಹೇಳ್ಕೊಂಡಂಗೆ ಹೇಳಿದ್ರೆ ಅದ್ಕೆ ಕೇಳ್ಸುತ್ತಾ? ಗಟ್ಟಿ ಹೇಳಿ ಮಾರಾಯ್ರೆ."

"ಸುಮ್ನಿರೇ. ಎಲ್ರೂ ನೋಡ್ತಿದಾರೆ."

"ನೋಡ್ಲಿ. ನೀವೇನು ಕದ್ದ ಕಾಫಿ ಮಾರ್ತಿದೀರಾ?"

ಕೊನೆಗೆ ಅವಳೇ ಫೋನು ಕಿತ್ತುಕೊಂಡು, ಅಡಿಗೆಮನೆಗೆ ಆರ್ಡರು ಕೂಗುವ ದನಿಯಲ್ಲಿ, ಗಲ್ಫಿನಲ್ಲಿ ಕೆಲಸದವರ ಪಾಸ್‌ಪೋರ್ಟ್ ಇಟ್ಟುಕೊಂಡರೆ ಕಾನೂನು ಏನು ಎಂದು ಕೇಳಿದಳು. ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನು ಎದ್ದು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದೆ.

ಬಂದದ್ದಾದರೂ ಏನು? ಪಾಸ್‌ಪೋರ್ಟ್ ಮಾಡಿಸುವುದು ಹೇಗೆ ಎಂಬ ವಿಡಿಯೋ. ಗಲ್ಫಿನಲ್ಲಿ ಕೆಲಸ ಕೊಡಿಸುತ್ತೇವೆ ಎಂಬ ಜಾಹೀರಾತು. ವಿದೇಶದಲ್ಲಿ ಕಾನೂನು ಓದಬೇಕೇ, ನಮ್ಮನ್ನು ಕೇಳಿ ಎಂಬ ಇನ್ನೊಂದು. ಒಂದು ಕಡೆ ಉತ್ತರ ಇದ್ದಂತೆ ಕಂಡಿತು. ದಿನವಿಡೀ ಓದಿದ ಮೇಲೆ ನೋಡಿದರೆ ಅದು ಪಕ್ಕದ ದೇಶದ್ದು. ಗಲ್ಫ್ ಎಂದರೆ ಒಂದೇ ದೇಶ ಎಂದು ನಾನು ತಿಳಿದಿದ್ದೆ. ಹಲವು ದೇಶಗಳಂತೆ, ಒಂದೊಂದಕ್ಕೂ ಒಂದೊಂದು ಕಾನೂನಂತೆ.

ಮೂಡಿಗೆರೆ ಕೋರ್ಟಿನ ಹತ್ತಿರ ಒಬ್ಬ ಲಾಯರಮ್ಮ ಇದ್ದಾರೆ, ಹೆಂಗಸರು ಹೋದರೆ ಕೂರಿಸಿ ಮಾತಾಡುತ್ತಾರೆ ಎಂದು ನಾದಿನಿ ಕರೆದುಕೊಂಡು ಹೋದಳು. ಅವರು ಎಲ್ಲ ಕೇಳಿಕೊಂಡರು.

"ನಮ್ಮ ಎಂಬೆಸಿಗೆ ದೂರು ಕೊಡ್ಬಹುದಮ್ಮ. ಆದ್ರೆ ಕೊಟ್ಟ ಮೇಲೂ ನಿಮ್ಮ ಮಗಳು ಅದೇ ಮನೇಲಿ ಇರ್ಬೇಕಲ್ಲ?"

ನನ್ನ ಭಯವೂ ಅದೇ. ದೂರು ಗೀರು ಬೇಡ, ಗೊತ್ತಾದರೆ ಈ ಫೋನೂ ಹೋಗುತ್ತದೆ ಎಂದು ನಿಮ್ಮ ಅಮ್ಮ ಅತ್ತಿದ್ದಳು.

"ಮೊದ್ಲು ಅಲ್ಲಿ ಕಾನೂನು ಏನು ಹೇಳುತ್ತೆ ನೋಡೋಣ. ನಂಗೂ ಅದು ಗೊತ್ತಿಲ್ಲ, ಸುಳ್ಳು ಯಾಕೆ ಹೇಳ್ಲಿ? ಯಾರೋ ಬರ್ದಿದ್ದು, ವಿಡಿಯೋದಲ್ಲಿ ಹೇಳಿದ್ದು ಬೇಡ. ಸರ್ಕಾರ ಹೊರಡ್ಸಿದ ಕಾನೂನೇ ಬೇಕು. ಅಲ್ಲಿನ ಕಾರ್ಮಿಕ ಇಲಾಖೆ ವೆಬ್‌ಸೈಟ್ ನೋಡಿ." ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರು.

ಆ ವೆಬ್‌ಸೈಟು ತೆರೆದರೆ ಬಲಗಡೆಯಿಂದ ಎಡಗಡೆಗೆ ಅರಬ್ಬಿ ಅಕ್ಷರ. ಮೂಲೆಯಲ್ಲಿ ಇಂಗ್ಲಿಷ್ ಎಂದಿತ್ತು. ಅದನ್ನು ಒತ್ತಿದರೆ ಮಂತ್ರಿಗಳು ರಿಬ್ಬನ್ ಕತ್ತರಿಸುವ ಫೋಟೋಗಳು. ಕಾನೂನು ಎಂದಿದ್ದಲ್ಲಿ ಒತ್ತಿದರೆ ಪುಟ ಸಿಗಲಿಲ್ಲ ಎಂಬ ಉತ್ತರ. ಮರುದಿನ ಒತ್ತಿದರೆ ಚಕ್ರ ಸುತ್ತುತ್ತಲೇ ಇತ್ತು. ಅದನ್ನು ನೋಡುತ್ತಾ ಕೂತು ನನಗೂ ತಲೆ ಸುತ್ತಿತು. ಒಂದು ಕಡೆ ಆ ದೇಶದ ಮೊಬೈಲ್ ನಂಬರು ಕೊಟ್ಟರೆ ಮಾತ್ರ ಒಳಗೆ ಬಿಡುತ್ತೇವೆ ಎಂದಿತು. ಇನ್ನೊಂದು ಕಡೆ ಕಾನೂನು ಇತ್ತು, ಆದರೆ ಬಾಗಿಲಲ್ಲೇ ತಡೆದು, ಓದಲು ಚಂದಾ ಕಟ್ಟಬೇಕೆಂದಿತು. ನನಗೆ ಸಿಟ್ಟು ಬಂತು. ಪಾಲಿಸಬೇಕು ಎಂದು ಜನಕ್ಕೆ ಹೇಳಿದ ಕಾನೂನನ್ನು ಜನ ನೋಡದ ಹಾಗೆ ಇಡುವುದು ಯಾವ ನ್ಯಾಯ?

ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋದೆ. ಅಲ್ಲಿಯವರು ನಿಟ್ಟುಸಿರು ಬಿಟ್ಟು, "ಅಮ್ಮಾ, ಪಹಣಿ ಕೇಳಿ, ಈಗ್ಲೇ ತೆಗ್ದು ಕೊಡ್ತೀನಿ. ಇದೆಲ್ಲಿಂದ ತಂದ್ರಿ?" ಎಂದರು. ಆದರೂ ಗಿರಾಕಿ ಇಲ್ಲದ ಹೊತ್ತು ನೋಡಿ ಹುಡುಕಿ, ಆ ದೇಶದ ಕಾರ್ಮಿಕ ಕಾನೂನನ್ನು ಇಂಗ್ಲಿಷಿನಲ್ಲಿ ಪ್ರಿಂಟ್ ತೆಗೆದು ಕೊಟ್ಟರು. ದಪ್ಪ ಕಟ್ಟು. ಮನೆಗೆ ತಂದು, ನೀವು ಹೋಂವರ್ಕ್ ಮಾಡುವಾಗ ನಾನೂ ನಿಮ್ಮ ಡಿಕ್ಷನರಿ ಹಿಡಿದು ಕೂತೆ. ಗೊತ್ತಾಗದ ಸಾಲಿನ ಫೋಟೋ ತೆಗೆದರೆ ಫೋನು ಕನ್ನಡ ಮಾಡುತ್ತಿತ್ತು. ಆ ಕನ್ನಡಕ್ಕೆ ಇನ್ನೊಬ್ಬರು ಅರ್ಥ ಹೇಳಬೇಕು, ಹಾಗಿತ್ತು. ಆದರೂ ಕರಾರು ಮುಗಿದ ಕೆಲಸಗಾರನನ್ನು ತಡೆಯುವಂತಿಲ್ಲ ಎಂಬ ಕಲಂ ಸಿಕ್ಕಿತು. ಕೆಳಗೆ ಗೆರೆ ಹಾಕಿದೆ. ಆ ಶುಕ್ರವಾರ ನಿಮ್ಮ ಅಮ್ಮನಿಗೆ ಓದಿ ಹೇಳಿದೆ. ಅವಳು ಎಷ್ಟೋ ದಿನದ ಮೇಲೆ ನಕ್ಕಳು.

ಲಾಯರಮ್ಮ ಕಟ್ಟು ತೆಗೆದುಕೊಂಡು ನನ್ನ ಗೆರೆ ನೋಡಲೇ ಇಲ್ಲ. ಮೊದಲ ಹಾಳೆ ತಿರುವಿ ಅಲ್ಲೇ ನಿಂತರು.

"ಅಮ್ಮಾ, ಇಲ್ಲಿ ನೋಡಿ. ಮನೆಗಳಲ್ಲಿ ಕೆಲ್ಸ ಮಾಡೋರಿಗೆ ಈ ಕಾನೂನು ಅನ್ವಯಿಸಲ್ಲ ಅಂತ ಬರ್ದಿದೆ."

ನನಗೆ ಅಳು ಬರಲಿಲ್ಲ, ಕೋಪ ಬಂತು. ನಮ್ಮ ಎಸ್ಟೇಟಿನಲ್ಲೂ ಹಾಗೆಯೇ ಅಲ್ಲವೇ? ತೋಟದಲ್ಲಿ ದುಡಿಯುವವರ ಹೆಸರು ಹಾಜರಿ ಬರೆಯುವ ಚೆಕ್‌ರೋಲಿನಲ್ಲಿ ಇರುತ್ತದೆ, ಬೋನಸ್ಸು ರಜೆ ಎಲ್ಲ ಇರುತ್ತದೆ. ಬಂಗಲೆಯ ಒಳಗೆ ಪಾತ್ರೆ ತೊಳೆಯುವವಳ ಹೆಸರು ಎಲ್ಲೂ ಇರುವುದಿಲ್ಲ. ಸಮುದ್ರ ದಾಟಿ ಹೋದರೂ ಮನೆಯೊಳಗಿನ ಕೆಲಸ ಕೆಲಸವಲ್ಲ.

ಬಸ್ಸಿನಲ್ಲಿ ನಾದಿನಿ ಹೇಳಿದಳು. "ಸಾಕು ಬಿಡಿ ಅತ್ತಿಗೆ. ಇಷ್ಟು ಓದಿದ್ರೆ ನಮ್ಮನೇಲಿ ಯಾರಾದ್ರೂ ಜಡ್ಜಾಗ್ತಿದ್ರು."

"ನಿಂಗೆ ಬೇಡ ಅಂದ್ರೆ ಬರ್ಬೇಡ."

ನನ್ನ ದನಿ ಏರಿತ್ತು. ಕಂಡಕ್ಟರ್ ತಿರುಗಿ ನೋಡಿದ. ನಾದಿನಿ ಕಿಟಕಿ ಕಡೆ ತಿರುಗಿ ಕೂತಳು. ಆದರೆ ಮರುದಿನ ನಾನು ಹೋಟೆಲಿಗೆ ಹೋಗುವಷ್ಟರಲ್ಲಿ ಮೂಲೆಯ ಬೆಂಚು ಖಾಲಿ ಮಾಡಿಸಿ, "ಅಲ್ಲಿ ಕೂತ್ಕೊಳ್ಳಿ, ಯಾರೂ ಬರಲ್ಲ" ಎಂದಳು.

ಮನೆಕೆಲಸದವರಿಗೆ ಬೇರೆಯೇ ಕಾನೂನು ಇರಬಹುದು, ಕಾರ್ಮಿಕರ ವಿಷಯ ನೋಡುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ಎಲ್ಲ ದೇಶಗಳ ಕಾನೂನುಗಳನ್ನು ಒಂದೇ ಕಡೆ ಇಟ್ಟಿದೆ, ಅಲ್ಲಿ ಹುಡುಕಿ ಎಂದು ಲಾಯರಮ್ಮ ಹೊಸ ಚೀಟಿ ಕೊಟ್ಟಿದ್ದರು. ಮತ್ತೆ ಅದೇ ಕಥೆ. ಒಮ್ಮೆ ಸಿಕ್ಕಿದ್ದು ಇನ್ನೂ ಕಾನೂನಾಗದ ಕರಡು. ಇನ್ನೊಮ್ಮೆ ಸಿಕ್ಕಿದ್ದು ಪತ್ರಿಕೆಯ ಸುದ್ದಿ, ಕಾನೂನು ಬಂತು ಎಂದಷ್ಟೇ ಇತ್ತು, ಒಳಗೇನಿದೆ ಎಂದು ಇಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾಯಿತು. ಕೊನೆಗೆ ಆ ಸಂಸ್ಥೆಯ ಪುಟದಲ್ಲಿ ದೇಶದ ಹೆಸರು ಆರಿಸಿ, ವಿಷಯ ಆರಿಸಿ, ಕೆಳಗೆ ಕೆಳಗೆ ಇಳಿದರೆ ಇತ್ತು. ಮನೆಕೆಲಸದವರ ಕಾನೂನು. ಅರಬ್ಬಿಯಲ್ಲೊಂದು, ಇಂಗ್ಲಿಷಿನಲ್ಲೊಂದು. ಇಂಗ್ಲಿಷ್ ತಿಳಿವಳಿಕೆಗೆ ಮಾತ್ರ, ಅರಬ್ಬಿಯದೇ ಅಧಿಕೃತ ಎಂದೂ ಬರೆದಿದ್ದರು. ಪಾಸ್‌ಪೋರ್ಟು ಕೆಲಸದವರ ಬಳಿಯೇ ಇರಬೇಕು. ಕರಾರು ಮುಗಿದಿದ್ದರೆ ತಿಂಗಳು ಮುಂಚೆ ತಿಳಿಸಿ ಹೋಗಬಹುದು. ಮಾಲೀಕರು ಊರಿಗೆ ಕಳಿಸಿಕೊಡಬೇಕು. ಎಲ್ಲ ಸೇರಿ ನಾಲ್ಕಾರು ಸಾಲು. ಇಷ್ಟಕ್ಕಾಗಿ ಅಷ್ಟು ಮಧ್ಯಾಹ್ನಗಳು.

ಲಾಯರಮ್ಮ ಓದಿ, ಆಮೇಲೆ ತಿದ್ದುಪಡಿ ಆಗಿದೆಯೇ ಎಂದು ತಮಗೆ ತಿಳಿದಷ್ಟು ನೋಡಿದರು. ಮತ್ತೆ ಕೇಳಿದರು.

"ನಿಮ್ಮ ಮಗಳು ಪಾಸ್‌ಪೋರ್ಟ್ ಕೊಡಿ ಅಂತ ಕೇಳಿದಾರಾ? ಅವ್ರು ಕೊಡಲ್ಲ ಅಂದ್ರಾ?"

ಕೇಳಿರುತ್ತಾಳೆ ಎಂದೆ. ಆದರೆ ಅನುಮಾನ ಹತ್ತಿತು. ಶುಕ್ರವಾರ ಕೇಳಿದೆ.

"ಪಾಸ್‌ಪೋರ್ಟ್ ಅಂತ ಹ್ಯಾಗೆ ಕೇಳ್ಲಿ ಅಮ್ಮ? ಹೋಗ್ಲಾ ಅಂತ ಕೇಳ್ದೆ. ಈಗ್ಬೇಡ ಅಂದ್ರು."

"ಅವ್ರು ಕಿತ್ಕೊಂಡಿದ್ದಲ್ವಾ ಅದು?"

"ಇಲ್ಲ. ಬಂದ ದಿನ ನಾನೇ ಕೊಟ್ಟೆ, ಇಟ್ಕೊಳ್ಳಿ ಅಂತ."

ನಿಮಗೆ ಇದು ವಿಚಿತ್ರ ಅನ್ನಿಸಬಹುದು, ನೀವು ಎಸ್ಟೇಟಿನಲ್ಲಿ ದುಡಿದವರಲ್ಲ. ನಮ್ಮ ಕಡೆ ಹೊಸ ಎಸ್ಟೇಟಿಗೆ ಸೇರಿದ ದಿನವೇ ರೇಷನ್ ಕಾರ್ಡು, ಕಾಗದಪತ್ರ ಎಲ್ಲ ಲೆಕ್ಕ ಬರೆಯುವ ರೈಟರ ಕೈಗೆ ಕೊಟ್ಟುಬಿಡುತ್ತಿದ್ದೆವು. ಯಾರೂ ಬಲವಂತ ಮಾಡುತ್ತಿರಲಿಲ್ಲ. ಲೈನ್ ಮನೆಯಲ್ಲಿ ಗೆದ್ದಲು, ಇಲಿ, ತೇವ. ಆಫೀಸಿನ ಬೀರುವಿನಲ್ಲಿ ಭದ್ರ. ನಡುವೆ ವಾಪಸು ಕೇಳಿದರೆ ನಿಮ್ಮ ಮೇಲೆ ನಂಬಿಕೆಯಿಲ್ಲ ಎಂದಂತೆ. ಬಿಟ್ಟು ಹೋಗುವಾಗಲೂ ಕೇಳುವುದಿಲ್ಲ. ಹೋಗಿ ಬರಲಾ ಎಂದು ಅಪ್ಪಣೆ ಕೇಳಿದರೆ ಆಯಿತು, ರೈಟರೇ ತೆಗೆದುಕೊಡುತ್ತಾರೆ. ನಿಮ್ಮ ಅಮ್ಮ ಹುಟ್ಟಿದಾಗಿನಿಂದ ಇದನ್ನೇ ನೋಡಿದವಳು. ಆ ಯಜಮಾನಿಗೆ ಇದೆಲ್ಲ ಏನು ಗೊತ್ತು? ಅಪ್ಪಣೆ ಕೇಳಿದ್ದನ್ನು ನಿಜವಾದ ಪ್ರಶ್ನೆ ಎಂದೇ ತಿಳಿದು ಅಪ್ಪಣೆ ಇಲ್ಲ ಎಂದರು. ಅಪ್ಪಣೆಯೇ ಬೇಕಿಲ್ಲ ಎಂದು ಅವರ ದೇಶದ ಕಾನೂನು ಹೇಳುತ್ತಿತ್ತು.

ನನಗೆ ಯಾರನ್ನು ಬೈಯಬೇಕು ಎಂದೇ ತಿಳಿಯಲಿಲ್ಲ. "ಅವ್ರನ್ನ ಕೇಳ್ಬೇಡ್ವೇ, ಹೇಳು" ಎಂದೆ. "ಹೋಗ್ತೀನಿ, ನನ್ನ ಪಾಸ್‌ಪೋರ್ಟ್ ಕೊಡಿ ಅಂತ ಹೇಳು. ಅರಬ್ಬಿ ಪುಟ ಕಳಿಸ್ತೀನಿ, ಅದನ್ನೇ ಅವ್ರ ಕೈಲಿ ಇಡು."

"ಬೇಜಾರು ಮಾಡ್ಕೊಂಡ್ರೆ?"

"ಮಾಡ್ಕೊಳ್ಲಿ."

ನಾನು ಇಂಥ ಮಾತು ಆಡುವವಳಲ್ಲ. ಆ ವಾರವೆಲ್ಲ ಅದೇ ಯೋಚನೆ. ಫೋನು ಕಿತ್ತುಕೊಂಡರೋ, ಹೊರಗೆ ಹಾಕಿದರೋ. ಮುಂದಿನ ಶುಕ್ರವಾರ ಎಂದಿನ ಹೊತ್ತು ದಾಟಿದರೂ ಕರೆ ಬರಲಿಲ್ಲ. ನಾದಿನಿ ಕಾಫಿ ತಂದಿಟ್ಟಳು, ಆರಿಹೋಯಿತು. ಆಮೇಲೆ ಬಂತು.

"ಹೇಳ್ದೆ ಅಮ್ಮ. ನಿಂತ್ಕೊಂಡೇ ಓದಿದ್ರು. ಇದನ್ನ ಯಾರು ಕೊಟ್ರು ಅಂದ್ರು. ನಮ್ಮಮ್ಮ ಅಂದೆ. ನಿಮ್ಮಮ್ಮ ಲಾಯರಾ ಅಂದ್ರು."

"ಏನಂದೆ?"

"ಹೂಂ ಅಂದೆ."

ನಾದಿನಿ ಪಕ್ಕದಿಂದ ಬಗ್ಗಿ, "ಜಡ್ಜು ಅನ್ಬೇಕಿತ್ತು ಮಾರಾಯ್ತಿ" ಎಂದು ಕೂಗಿದಳು.

ಯಜಮಾನಿ ಆ ಪುಟ ಇಟ್ಟುಕೊಂಡು ಒಳಗೆ ಹೋದರಂತೆ. ಮರುದಿನ ಬೆಳಿಗ್ಗೆ ಪಾಸ್‌ಪೋರ್ಟು ತಂದು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟು, "ನೀನು ಕೊಟ್ಟಿದ್ದಕ್ಕೆ ಇಟ್ಟುಕೊಂಡಿದ್ದೆ" ಎಂದರಂತೆ. ಆದರೆ ಕಾನೂನಿನಂತೆಯೇ ಆಗಲಿ, ತಿಂಗಳು ಇದ್ದು ಹೋಗು ಎಂದೂ ಹೇಳಿದರು. ಅದೂ ಅದೇ ಪುಟದಲ್ಲಿ ಇತ್ತಲ್ಲ. ಕರಾರು ಮುಗಿಯುವ ಮೊದಲೇ ಆ ನಾಲ್ಕಾರು ಸಾಲು ಕಣ್ಣಿಗೆ ಬಿದ್ದಿದ್ದರೆ ಅವಳು ಯಾವತ್ತೋ ಮನೆಯಲ್ಲಿರುತ್ತಿದ್ದಳು ಎಂಬ ಸಂಕಟ ನನಗೆ ಈಗಲೂ ಹೋಗಿಲ್ಲ.

ಆ ಸಂಜೆ ನಾನು ಬರುವಾಗ ನೀವು ಜಗಲಿಯಲ್ಲಿದ್ದಿರಿ. ಚಿಕ್ಕವನು ಎಂದಿನಂತೆ ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳಿದ. ಬರುವ ತಿಂಗಳು ಎಂದೆ. ಇಬ್ಬರೂ ನನ್ನ ಮುಖವನ್ನೂ ನೋಡದೆ ಬ್ಯಾಗು ಎತ್ತಿಕೊಂಡಿರಿ. ಎಷ್ಟೋ ತಿಂಗಳಿಂದ ಅದೇ ಉತ್ತರ ಕೇಳಿದ್ದಿರಿ. ಬೀಗ ತೆಗೆದು, ಈ ಸಲ ನಿಜ ಎಂದು ಹೇಳಲು ಬಾಯಿ ತೆರೆದೆ. ನೀವು ಆಗಲೇ ಒಳಗೆ ಹೋಗಿದ್ದಿರಿ.