ಹಳದಿ ಕೊಡೆಯ ಹಿಂದೆ

ನಮ್ಮ ಹಳೇ ಪೇಟೆಯಲ್ಲಿ ದೇವರುಗಳಿಗೇ ಜಾಗ ಸಾಲದು. ಮೂರು ಮತದವರ ಪೂಜಾಮಂದಿರಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಒಬ್ಬರ ಗಂಟೆ ಹೊಡೆದರೆ ಇನ್ನೊಬ್ಬರ ಗೋಡೆಯ ಸುಣ್ಣ ಉದುರುತ್ತದೆ. ಆ ಓಣಿಗಳು ಶುರುವಾಗುವಲ್ಲಿ, ಕಲ್ಲಿನ ಕಮಾನಿನ ಕೆಳಗೆ ಮೇಣದ ಬತ್ತಿ ಮಾರುತ್ತ ಕೂತವಳು ನಾನು. ಜನ ದೇವರನ್ನು ನೋಡಲು ಬರುತ್ತಾರೆ, ನಾನು ಜನರನ್ನು ನೋಡುತ್ತೇನೆ. ಅವರನ್ನು ಒಳಗೆ ಕರೆದುಕೊಂಡು ಹೋಗಿ ಪೇಟೆ ಸುತ್ತಿಸುವವರಲ್ಲಿ ಒಬ್ಬ ಕೊಡೆರಾಯ.

ಕೊಡೆರಾಯ ಎಂಬುದು ನಾನಿಟ್ಟ ಹೆಸರು, ಎದುರಿಗೆ ಅಣ್ಣ ಎನ್ನುತ್ತೇನೆ. ಇಲ್ಲಿನ ಗೈಡುಗಳು ತಮ್ಮತಮ್ಮಲ್ಲೇ ಬಣ್ಣ ಹಂಚಿಕೊಂಡಿದ್ದಾರೆ. ಒಬ್ಬನದು ಕೆಂಪು ಕೊಡೆ, ಇನ್ನೊಬ್ಬನದು ನೀಲಿ. ಅಣ್ಣನದು ಹಳದಿ, ಅವನಪ್ಪನ ಕಾಲದಿಂದ. ಒಬ್ಬನ ಬಣ್ಣವನ್ನು ಮತ್ತೊಬ್ಬ ಮುಟ್ಟುವ ಹಾಗಿಲ್ಲ. ಜನಜಂಗುಳಿಯಲ್ಲಿ ಕೊಡೆ ಎತ್ತಿ ಹಿಡಿದು ಗೈಡು ಮುಂದೆ ಹೋದರೆ ಗುಂಪು ಅದನ್ನೇ ನೋಡಿಕೊಂಡು ಹಿಂದೆ ಬರುತ್ತದೆ. ಅಪ್ಪ ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದನಂತೆ: "ಹಿಂದೆ ತಿರುಗಿ ನೋಡಬೇಡ. ದಾರಿ ತೋರಿಸೋನೇ ಹಿಂದೆ ನೋಡಿದ್ರೆ ಜನಕ್ಕೆ ಧೈರ್ಯ ಹೋಗುತ್ತೆ."

ಅಣ್ಣ ಅದನ್ನು ಚಾಚೂ ತಪ್ಪದೆ ಪಾಲಿಸಿದ. "ಒಂದಿನ ನಿನ್ನ ಗುಂಪೆಲ್ಲ ನನ್ನ ಹತ್ರ ಕೂತಿರುತ್ತೆ, ನೀನೊಬ್ನೇ ಗೋಡೆಗೆ ಕಥೆ ಹೇಳ್ತಿರ್ತೀಯ" ಎಂದು ನಾನು ರೇಗಿಸುತ್ತಿದ್ದೆ. "ಗೋಡೆ ಆದ್ರೆ ಮಧ್ಯೆ ಬಾಯಿ ಹಾಕಲ್ಲ ತಂಗಿ" ಎನ್ನುತ್ತಿದ್ದ. ತಗ್ಗು ಬಾಗಿಲು ಬಂದಾಗಲೆಲ್ಲ ಅವನದು ಒಂದೇ ಮಾತು: "ತಲೆ ಬಗ್ಗಿಸಿ. ದೇವರು ಕ್ಷಮಿಸಿದ್ರೂ ಬಾಗಿಲು ಕ್ಷಮಿಸಲ್ಲ." ಕೇಳಿ ಕೇಳಿ ನನಗೆ ಸಾಕಾಗಿತ್ತು. ಬಂದವರು ಮಾತ್ರ ಪ್ರತಿ ಸಲ ನಗುತ್ತಿದ್ದರು.

ಅವನ ಹೆಂಡತಿಗೆ, ಅಂದರೆ ನನ್ನ ಪಾಲಿನ ಅತ್ತಿಗೆಗೆ, ಮರೆವು ಶುರುವಾದ ಮೇಲೆ ಅವನ ನಗು ಕಮ್ಮಿಯಾಯಿತು. ಅವಳು ಮೊದಲು ಒಲೆಯ ಮೇಲಿಟ್ಟದ್ದನ್ನು ಮರೆತಳು, ಆಮೇಲೆ ಒಲೆಯನ್ನೇ ಮರೆತಳು. ಒಂದು ಮಧ್ಯಾಹ್ನ ಮನೆಯ ಬಾಗಿಲು ಹಾರುಹೊಡೆದು ಹೊರಟವಳು ಸಂಜೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಮಗಳು ಬಂದು ಖಡಾಖಂಡಿತವಾಗಿ ಹೇಳಿದಳು: "ಇನ್ನೊಂದ್ಸಲ ಅಮ್ಮ ಕಳೆದುಹೋದ್ರೆ ವೃದ್ಧಾಶ್ರಮಕ್ಕೆ ಸೇರಿಸ್ತೀನಿ ಅಪ್ಪ. ಆಗ ನೀವು ಅಡ್ಡ ಬರಬಾರದು." ಅಣ್ಣ ಒಪ್ಪಿ ಮಾತು ಕೊಟ್ಟ. ನನಗೆ ಆ ಹುಡುಗಿಯ ಮೇಲೆ ಮೈಯೆಲ್ಲ ಉರಿದಿತ್ತು. ಈಗ ಯೋಚಿಸಿದರೆ, ಅವಳು ಆಸ್ಪತ್ರೆಯಲ್ಲಿ ನರ್ಸು, ಮನೆಯಲ್ಲಿ ಚಿಕ್ಕ ಮಕ್ಕಳು. ಅವಳಾದರೂ ಏನು ಮಾಡಿಯಾಳು.

ಅವತ್ತಿನಿಂದ ಅಣ್ಣ ಅತ್ತಿಗೆಯನ್ನು ಕೆಲಸಕ್ಕೇ ಕರೆತಂದ. ಗುಂಪಿನ ಜೊತೆ ಅವಳೂ ಒಬ್ಬಳು ಯಾತ್ರಿಕಳು. ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ನಿಲ್ಲಿಸಿ, ಕೂಸಿಗೆ ಹೇಳುವ ಹಾಗೆ ಹೇಳುತ್ತಿದ್ದ: "ಏನೇ ಆಗಲಿ, ಹಳದಿ ಕೊಡೆ ಬಿಡಬೇಡ." ಅವಳು ಬಿಡುತ್ತಿರಲಿಲ್ಲ. ಬೇರೆಲ್ಲ ಸೋರಿಹೋದ ತಲೆಯಲ್ಲಿ ಅದೊಂದು ನಿಂತಿತ್ತು. ಅಣ್ಣ ಹಿಂದೆ ತಿರುಗದೆ ನಡೆಯುತ್ತಿದ್ದ, ಅತ್ತಿಗೆ ಬರುತ್ತಿದ್ದಳು. ಹೀಗೇ ದಿನ ತಳ್ಳಬಹುದು ಎಂದು ನಾವಿಬ್ಬರೂ ನಂಬಿಬಿಟ್ಟೆವು.

ಆಮೇಲೆ ಆ ಬಿಸಿಲಿನ ದಿನ ಬಂತು. ಯಾವುದೋ ಪ್ರವಾಸ ಕಂಪನಿ ದೊಡ್ಡ ಗುಂಪನ್ನು ಕರೆತಂದು, ಒಬ್ಬೊಬ್ಬರ ಕೈಗೂ ಒಂದೊಂದು ಕೊಡೆ ಕೊಟ್ಟಿತ್ತು. ಎಲ್ಲವೂ ಹಳದಿ. ನಮ್ಮವರ ಒಪ್ಪಂದ ಅವರಿಗೇನು ಗೊತ್ತು? ಓಣಿ ತುಂಬ ಹಳದಿ ಕೊಡೆಗಳು ಅಲುಗುತ್ತ ಬಂದವು. ಅಣ್ಣನ ಗುಂಪನ್ನು ಸೀಳಿಕೊಂಡು ಹೋದವು. ಅಣ್ಣ ತನ್ನ ಕೊಡೆಯನ್ನು ಇನ್ನಷ್ಟು ಮೇಲೆತ್ತಿದನೇ ಹೊರತು ಹಿಂದೆ ನೋಡಲಿಲ್ಲ. ಗಂಟೆಗೋಪುರದ ಹತ್ತಿರ ಕಥೆ ಹೇಳಲು ನಿಂತಾಗ ಗುಂಪಿನಲ್ಲಿ ಅತ್ತಿಗೆ ಇರಲಿಲ್ಲ.

ಅವನು ಓಡಿ ಬಂದ ರೀತಿಗೇ ನನಗೆ ಅರ್ಥವಾಯಿತು. ಬತ್ತಿಗಳನ್ನು ಹಾಗೇ ಬಿಟ್ಟು ಹೊರಟೆ. ಎಲ್ಲಿ ಹಳದಿ ಕಂಡರೂ ಅಲ್ಲಿಗೆ ಓಡುವುದು, ಕೊಡೆಯ ಕೆಳಗೆ ಬೇರೆ ಯಾರದೋ ಮುಖ. "ತಪ್ಪಾಯ್ತು ತಾಯಿ, ತಪ್ಪಾಯ್ತು" ಎನ್ನುತ್ತ ಅಣ್ಣ ಅವರಿವರಿಗೆ ಕೈಮುಗಿಯುತ್ತಿದ್ದ. ಅವನಿಗೆ ಅಳು ಬರುತ್ತಿತ್ತು. ನನಗೂ.

ಕೊನೆಗೆ ಬಾವಿ ಚೌಕದ ಹಿಂದಿನ ಓಣಿಯಲ್ಲಿ ಕಂಡಳು. ಬಿಸಿಲಿಗೆಂದು ಯಾರೋ ಪುಣ್ಯಾತ್ಮರು ಒಂದು ಹಳದಿ ಕೊಡೆ ಕೊಟ್ಟಿರಬೇಕು. ಅದನ್ನು ತಲೆಯ ಮೇಲೆತ್ತಿ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತಿದ್ದಳು. ಅವಳೇ ಗೈಡು ಎಂದುಕೊಂಡು ಪರವೂರ ದಂಪತಿ ಹಿಂದೆ ಹೋಗುತ್ತಿದ್ದರು. ತಗ್ಗು ಬಾಗಿಲು ಬಂತು. "ತಲೆ ಬಗ್ಗಿಸಿ" ಎಂದಳು ಅತ್ತಿಗೆ. "ದೇವರು ಕ್ಷಮಿಸಿದ್ರೂ ಬಾಗಿಲು ಕ್ಷಮಿಸಲ್ಲ." ಆ ದಂಪತಿ ನಕ್ಕರು.

"ನಿಂತ್ಕೊಳ್ಳೇ" ಎಂದು ಅಣ್ಣ ಕೂಗಿದ. ಅವಳು ತಿರುಗಲಿಲ್ಲ. ಮತ್ತೆ ಕೂಗಿದ. ಇಲ್ಲ. ಅವನದೇ ಪಾಠ, ಅವನಿಗೇ ತಿರುಗಿಬಿತ್ತು. ಏದುಸಿರು ಬಿಡುತ್ತ ಓಡಿಹೋಗಿ ಅವಳ ಮುಂದೆ ನಿಂತ.

ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೋಪವಿಲ್ಲ, ಗಾಬರಿಯಿಲ್ಲ. "ನೀವು ಯಾರ ಗುಂಪಿನೋರು ಸ್ವಾಮಿ?"

"ನಾನು ಕಣೇ."

"ಹಿಂದೆ ಬನ್ನಿ, ಜಾಗ ಇದೆ" ಎಂದಳು. "ನಮ್ಮ ಮನೆಯವರೂ ಹಿಂದೆ ಬರ್ತಿದಾರೆ. ಈ ಕೊಡೆ ನೋಡ್ಕೊಂಡು ಬರ್ತಾರೆ. ಇಳಿಸಿದ್ರೆ ಅವರಿಗೆ ದಾರಿ ತಪ್ಪುತ್ತೆ."

ಅಣ್ಣ ತನ್ನ ಕೊಡೆ ಮಡಿಸಿ ಕಂಕುಳಲ್ಲಿಟ್ಟುಕೊಂಡು ಅವಳ ಹಿಂದೆ ನಡೆದ. ನಾನು ಅವಳ ತೋಳು ಹಿಡಿದು ದಾರಿ ತಿರುಗಿಸಿದೆ. ಕಮಾನಿನವರೆಗೆ ಹಾಗೇ ಬಂದೆವು.

ಅತ್ತಿಗೆಯನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ, "ಮಗಳಿಗೆ ಹೇಳೋದು ಬೇಡ ಅಣ್ಣ" ಎಂದೆ. "ನನ್ನ ಬಾಯಿಂದಂತೂ ಹೊರಗೆ ಬರಲ್ಲ."

"ಬರೀ ಕಳೆದುಹೋಗಿದ್ದಿದ್ರೆ ಮುಚ್ಚಿಡ್ತಿದ್ದೆ ತಂಗಿ" ಎಂದ. "ಸಿಕ್ಕಿದಾಳೆ. ಸಿಕ್ಕಿದ ಮೇಲೂ ನಾನ್ಯಾರು ಅಂತ ಗೊತ್ತಿಲ್ಲ. ನಾಳೆ ಯಾವ ಕೊಡೆ ಹಿಡೀಲಿ ನಾನು?" ತಾನೇ ಮಗಳಿಗೆ ಫೋನು ಮಾಡಿದ. ಅವನು ಮಾತಾಡುವಷ್ಟು ಹೊತ್ತೂ ಅತ್ತಿಗೆ ಕೊಡೆ ಇಳಿಸಲಿಲ್ಲ.

ಆಶ್ರಮ ಊರ ಆಚೆ ಇದೆ. ಚೆನ್ನಾಗಿ ನೋಡಿಕೊಳ್ಳುತ್ತಾರಂತೆ. ಅಣ್ಣ ಈಗಲೂ ಹಳದಿ ಕೊಡೆ ಎತ್ತುತ್ತಾನೆ, ಆದರೆ ಪ್ರತಿ ತಿರುವಿನಲ್ಲೂ ನಿಂತು ಹಿಂದೆ ನೋಡುತ್ತಾನೆ. ಅವನಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ಜನ ಒಬ್ಬೊಬ್ಬರಾಗಿ ಕೆಂಪು, ನೀಲಿ ಕೊಡೆಗಳ ಕಡೆ ಸರಿದುಕೊಂಡರು. ನಿನ್ನೆ ಅವನ ಹಿಂದೆ ಒಬ್ಬಳೇ ಹೆಂಗಸು ಇದ್ದಳು. ನನ್ನ ಅಂಗಡಿಯ ಮುಂದೆಯೇ ಅವನು ತಿರುಗಿ ನಿಂತಾಗ, "ಇನ್ನೂ ಯಾರಾದ್ರೂ ಬರೋರಿದಾರಾ?" ಎಂದು ಕೇಳಿದಳು.

"ಇಲ್ಲಮ್ಮ, ಯಾರೂ ಇಲ್ಲ" ಎಂದ ಅಣ್ಣ. ಹೇಳಿ ಮತ್ತೊಮ್ಮೆ ಹಿಂದೆ ನೋಡಿದ.