ಕ್ಯಾಸೆಟ್ಟಿನಲ್ಲಿ ಇಲ್ಲದ ನಾಲ್ಕು ನಿಮಿಷ

ರೇಡಿಯೊ ಮಾಮನ ಬಲಗೈ ಕಿರುಬೆರಳಿನ ಉಗುರು ಯಾವಾಗಲೂ ಅರ್ಧ ಇಂಚು ಬೆಳೆದಿರುತ್ತಿತ್ತು. ಕ್ಯಾಸೆಟ್ಟಿನ ತೂತಿಗೆ ಆ ಬೆರಳು ತೂರಿಸಿ, ಗಿರಗಿರನೆ ತಿರುಗಿಸಿ, ಹೊರಗೆ ಜೋತುಬಿದ್ದ ಟೇಪನ್ನು ಒಳಕ್ಕೆ ಸುತ್ತುತ್ತಿದ್ದರು. ಎಲ್ಲರೂ ಅದಕ್ಕೆ ಪೆನ್ಸಿಲ್ ಬಳಸುತ್ತಾರೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಟೇಪ್ ಬಿಗಿಯಾಗಿದ್ದು ಪೆನ್ಸಿಲ್‌ಗೆ ಗೊತ್ತಾಗುತ್ತೇನಮ್ಮ?" ಎಂದು ಕೇಳಿದ್ದರು. ಆಗ ನನಗೆ ಹನ್ನೆರಡು ವರ್ಷ. ಸಿಟ್ಟು ಬಂದಿತ್ತು. ಆಮೇಲಿನ ಇಪ್ಪತ್ತೈದು ವರ್ಷವೂ ಅವರ ಜೊತೆ ಮಾತಾಡಿದಾಗಲೆಲ್ಲ ನನಗೆ ಬಹುಪಾಲು ಸಿಟ್ಟೇ ಬರುತ್ತಿತ್ತು.

ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದ್ದು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ. ಅದರ ಹಿಂದೆಯೇ ಮನೆ. ಎರಡು ಬಾಗಿಲು ಆಚೆಗೆ ನಮ್ಮದು. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಂಟು ಗಿಂಟು ಏನೂ ಇರಲಿಲ್ಲ, ಆದರೂ ಅವರು ನನಗೆ ರೇಡಿಯೊ ಮಾಮ, ಅವರ ಹೆಂಡತಿ ಅತ್ತೆ. ಮಕ್ಕಳಿರಲಿಲ್ಲ. ನಾನು ಸಂಜೆ ಶಾಲೆ ಬಿಟ್ಟ ಕೂಡಲೇ ಸೀದಾ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಕೆಟ್ಟುಹೋದ ಒಂದು ಕೀಬೋರ್ಡನ್ನು ಸರಿಮಾಡಿ ಕೊಟ್ಟು, ಅದರ ಮೇಲೆ ನನಗೆ ಸರಿಗಮ ಹೇಳಿಕೊಟ್ಟವರೂ ಅವರೇ. ತಾವು ಮಾತ್ರ ಕೀಲಿ ಒತ್ತಿ ತಂತಿ ಮೀಟುವ ಬುಲ್‌ಬುಲ್ ತರಂಗ ನುಡಿಸುತ್ತಿದ್ದರು. ತಂತಿಗಳ ಕೆಳಗೆ ಹಳೆಯ ಟೆಲಿಫೋನಿನ ಅಯಸ್ಕಾಂತ ಕೂರಿಸಿ, ವೈರು ಎಳೆದು, ಅದನ್ನು ಗಿಟಾರಿನಂತೆ ಅರಚಿಸುತ್ತಿದ್ದರು.

ಅಂಗಡಿಯಲ್ಲಿ ಒಂದು ಕ್ಯಾಸೆಟ್ ಇತ್ತು. ಯಾರೋ ರಿಪೇರಿಗೆ ಕೊಟ್ಟು ವಾಪಸ್ ಒಯ್ಯದ ಟೇಪ್ ರೆಕಾರ್ಡರಿನೊಳಗೆ ಉಳಿದುಹೋದದ್ದು. ಇಂಗ್ಲೆಂಡಿನ ಹಳೆಯ ಬ್ಯಾಂಡೊಂದರ ಹಾಡುಗಳು. ಅದನ್ನು ಪ್ರೊಗ್ರೆಸಿವ್ ರಾಕ್ ಅನ್ನುತ್ತಾರೆಂದು ನಮಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಅದರಲ್ಲೊಂದು ಹಾಡು ಇಪ್ಪತ್ತು ನಿಮಿಷದ್ದು. ಒಮ್ಮೆ ಏಳು ಮಾತ್ರೆ, ಒಮ್ಮೆ ಐದು, ಮಧ್ಯೆ ತಾಳವೇ ಇಲ್ಲದ ಗಾಳಿಯ ಸದ್ದು. ಮಾಮ ತೊಡೆ ತಟ್ಟುತ್ತಾ "ತಕಿಟ ತಕಧಿಮಿ, ತಕಿಟ ತಕಧಿಮಿ" ಎಂದು ಎಣಿಸಿ, "ನೋಡಮ್ಮ, ಮಿಶ್ರ ಚಾಪು. ಆ ಬ್ಯಾಂಡಿನ ಐದು ಜನ ಎಲ್ಲೋ ಕೂತ್ಕೊಂಡು ನಮ್ಮ ತಾಳ ಹಾಕ್ತಾವ್ರೆ" ಎನ್ನುತ್ತಿದ್ದರು. ಹದಿನಾರನೇ ನಿಮಿಷಕ್ಕೆ ಡ್ರಮ್ಮಿನ ಮೂರು ಪೆಟ್ಟು ಬಿದ್ದು, ಆರ್ಗನ್ ಮೇಲಕ್ಕೆ ಏರತೊಡಗುವಾಗ ಟಕ್ ಎಂದು ಗುಂಡಿ ಮೇಲೇಳುತ್ತಿತ್ತು. ಕಾಪಿ ಮಾಡಿದವನು ಲೆಕ್ಕ ನೋಡಿಕೊಂಡಿರಲಿಲ್ಲ, ಹಾಡು ಮುಗಿಯುವ ಮೊದಲೇ ಟೇಪು ಮುಗಿದಿತ್ತು.

ಉಳಿದ ನಾಲ್ಕು ನಿಮಿಷವನ್ನು ಮಾಮ ತಾವೇ ಕಟ್ಟಿದ್ದರು. ಟಕ್ ಎಂದ ಕೂಡಲೇ ಬುಲ್‌ಬುಲ್ ಎತ್ತಿಕೊಂಡು ಮುಂದುವರಿಸುವುದು ಅವರ ಅಭ್ಯಾಸ. ಮೆಲ್ಲಗೆ ಶುರುವಾಗಿ, ಎಲ್ಲೋ ಒಂದು ಕಡೆ ಭಜನೆಯಂತೆ ಏರಿ, ಮತ್ತೆ ಇಳಿಯುತ್ತಿತ್ತು. ತಿಂಗಳಿಗೊಮ್ಮೆ ಅದರಲ್ಲಿ ಏನಾದರೂ ಬದಲಾಯಿಸುತ್ತಿದ್ದರು. ಊರಿನವರ ನಾಮಕರಣ, ಮದುವೆ, ಹರಿಕಥೆ ಎಲ್ಲ ರೆಕಾರ್ಡ್ ಮಾಡಿಕೊಟ್ಟ ಮನುಷ್ಯ ತಮ್ಮದನ್ನು ಒಮ್ಮೆಯೂ ಮಾಡಿಕೊಳ್ಳಲಿಲ್ಲ. ಕೇಳಿದರೆ, "ಇನ್ನೂ ಮುಗಿದಿಲ್ಲಮ್ಮ" ಎನ್ನುತ್ತಿದ್ದರು.

ನಾನು ಓದಿ, ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್ ಆದೆ. ಕೈಗೆ ಇಂಟರ್ನೆಟ್ ಬಂತು. ಮೂಲ ಹಾಡು ಪೂರ್ತಿ ಸಿಕ್ಕಿತು. ಕುಣಿದಾಡಿಕೊಂಡು ಅಂಗಡಿಗೆ ಓಡಿದರೆ ಮಾಮ ಕೇಳಲು ಒಪ್ಪಲೇ ಇಲ್ಲ. "ನಂದು ಮುಗೀಲಿ. ಈಗ ಅವರದ್ದು ಕೇಳಿದ್ರೆ ನಂದು ಹೊರಟೋಗುತ್ತೆ" ಎಂದರು. ಹೋಗಲಿ ಎಂದು ಸುಮ್ಮನಾದೆ. ಆಮೇಲೆ ಆ ಬ್ಯಾಂಡಿನ ಹಾಡುಗಳನ್ನು ಬೇರೆಯವರು ನುಡಿಸಿದ ಟ್ರಿಬ್ಯೂಟ್ ಆಲ್ಬಮ್‌ಗಳಿವೆ ಎಂದು ತಿಳಿದಾಗ, ಅವು ಮಾತ್ರ ಬೇಕು ಎಂದು ಹಿಂದೆ ಬಿದ್ದರು. ಜಪಾನಿನವರದ್ದು, ಇಟಲಿಯವರದ್ದು, ಬರೀ ಪಿಟೀಲಿನದ್ದು, ಒಂದೊಂದನ್ನೂ ಹುಡುಕಿ ಹಾಕಿದೆ. ಪ್ರತಿಯೊಂದರಲ್ಲೂ ಆ ಮೂರು ಪೆಟ್ಟು ಬಿದ್ದ ಕೂಡಲೇ ಕೈ ಎತ್ತಿ "ನಿಲ್ಸಮ್ಮ" ಎನ್ನುವರು. ಹದಿನಾರು ನಿಮಿಷ ಕೂತು ಕೇಳಿ ಬಾಯಿಗೆ ಬಂದ ತುತ್ತನ್ನು ಎಲೆಗೆ ಹಾಕಿದಂತೆ. ನನಗೆ ಮೈ ಉರಿಯುತ್ತಿತ್ತು.

ತೀರ್ಪು ಬೇರೆ ಕೊಡುತ್ತಿದ್ದರು. "ಇವ್ರು ಜೆರಾಕ್ಸ್ ತೆಗ್ದವ್ರೆ. ಮರ್ಯಾದೆ ಕೊಡೋದು ಅಂದ್ರೆ ಜೆರಾಕ್ಸ್ ತೆಗೆಯೋದಾ?"

"ಮತ್ತೆ ಒರಿಜಿನಲ್ ಬಿಟ್ಟು ಬಾಯಿಗೆ ಬಂದಿದ್ದು ನುಡಿಸ್ಬೇಕಾ ಮಾಮ?"

"ಕಾದಮ್ಮಾ, ಹಂಗಲ್ಲ." ಮಾತಿನಲ್ಲಿ ತೆಲುಗು ನುಸುಳಿತೆಂದರೆ ಹಟ ಹಿಡಿದರು ಎಂದು ಅರ್ಥ. "ರೇಷ್ಮೆ ನೂಲು ಬಿಚ್ಚೋವ್ನು ಏನ್ಮಾಡ್ತಾನೆ? ಒಂದು ಗೂಡಿನ ಎಳೆ ಮುಗಿದ್ರೆ ಇನ್ನೊಂದು ಗೂಡಿಂದ ತಂದು ಹಚ್ತಾನೆ. ಕೈ ಕಟ್ಕೊಂಡು ಕೂರ್ತಾನಾ? ಇಬ್ಬರದ್ದೂ ಸೇರ್ಕೊಂಡೇ ಸೀರೆ ಆಗೋದು."

ರೇಷ್ಮೆಗೂ ಹಾಡಿಗೂ ಏನು ಸಂಬಂಧ ಎಂದು ರೇಗಿದ್ದೆ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೂರು ವರ್ಷದ ಹಿಂದೆ ಬೆಂಗಳೂರಿನ ಕೆಲವರು ಸೇರಿ ಆ ಬ್ಯಾಂಡಿಗೆ ನಮ್ಮ ಕಡೆಯಿಂದಲೂ ಒಂದು ಟ್ರಿಬ್ಯೂಟ್ ಆಲ್ಬಮ್ ಮಾಡಲು ಹೊರಟರು. ನಾನು ಕೀಬೋರ್ಡ್ ನುಡಿಸಿ ಕಳಿಸಿದ ತುಣುಕು ಅವರಿಗೆ ಹಿಡಿಸಿತು. ಬುಲ್‌ಬುಲ್ ನುಡಿಸುವ ಹಿರಿಯರೊಬ್ಬರಿದ್ದಾರೆ ಎಂದಾಗ ಇನ್ನೂ ಹಿಗ್ಗಿದರು. ಆ ಉದ್ದದ ಹಾಡು ನಮ್ಮಿಬ್ಬರ ಪಾಲಿಗೆ ಬಂತು. ಷರತ್ತು ಒಂದೇ. ಉಸ್ತುವಾರಿ ನೋಡುತ್ತಿದ್ದವನು ಫೋನಿನಲ್ಲಿ ಹೇಳಿದ, "ಎಂಡಿಂಗ್ ಒರಿಜಿನಲ್ ಥರಾನೇ ಇರ್ಬೇಕು ಮೇಡಂ. ಫ್ಯಾನ್ಸ್ ಸುಮ್ನಿರಲ್ಲ."

ಮಾಮನಿಗೆ ಅದನ್ನು ಹೇಳಿ, ಮೂರು ಪೆಟ್ಟು ಬಿದ್ದ ಮೇಲಿನದ್ದನ್ನು ನಾನೇ ನುಡಿಸುತ್ತೇನೆ ಎಂದೆ. ತಲೆ ಆಡಿಸಿದರು. ಸ್ಟುಡಿಯೊಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು, ಹದಿನಾರು ನಿಮಿಷ ಅದ್ಭುತವಾಗಿ ನುಡಿಸಿದರು, ಆಮೇಲೆ ತಮ್ಮ ನಾಲ್ಕು ನಿಮಿಷಕ್ಕೆ ಹೊರಳಿಕೊಂಡರು. ಎರಡನೇ ಸಲವೂ ಅದೇ. ಗಾಜಿನ ಆಚೆ ಕೂತು ರೆಕಾರ್ಡ್ ಮಾಡುತ್ತಿದ್ದವನು ನನ್ನ ಮುಖ ನೋಡಿದ. ನಾನು ಹೊರಗೆ ಕರೆದು, "ಮಾಮ, ಅದು ಹಾಡಲ್ಲೇ ಇಲ್ಲ. ತಪ್ಪು ಅದು" ಎಂದೆ.

"ತಪ್ಪೇನಮ್ಮ? ನೀನೇ ಕೇಳಿದ್ದೀಯಲ್ಲ, ಚೆನ್ನಾಗಿಲ್ವಾ?"

"ಚೆನ್ನಾಗಿರೋದು ಬೇರೆ, ಸರಿಯಾಗಿರೋದು ಬೇರೆ."

ಎಂಥ ಮಾತು ಆಡಿದೆ. ತಪ್ಪು ತಿದ್ದುವುದೇ ಕಸುಬಾಗಿಬಿಟ್ಟವಳು ನಾನು, ಕೆಂಪು ಪೆನ್ನು ಹಿಡಿದ ಕೈ ಎಲ್ಲಿ ಹೋದರೂ ಸುಮ್ಮನಿರುವುದಿಲ್ಲ. ಮಾಮ ನನ್ನ ಮುಖವನ್ನೇ ನೋಡಿ, "ಆಯ್ತು, ನಿಂಗೆ ಹೆಂಗೆ ಬೇಕೋ ಹಂಗೆ ಮಾಡಮ್ಮ" ಎಂದರು. ಅದನ್ನು ಅವರು ಯಾವ ಅರ್ಥದಲ್ಲಿ ಹೇಳಿದರೋ, ನನಗೆ ಬೇಕಾದ ಅರ್ಥವನ್ನು ನಾನು ಮಾಡಿಕೊಂಡೆ. ಮುಂದಿನ ವಾರ ಒಬ್ಬಳೇ ಸ್ಟುಡಿಯೊಗೆ ಹೋಗಿ, ಅವರ ನಾಲ್ಕು ನಿಮಿಷ ತೆಗೆಸಿ, ಆ ಜಾಗಕ್ಕೆ ಮೂಲದ ಕೊನೆಯನ್ನು ಕೀಬೋರ್ಡಿನಲ್ಲಿ ನುಡಿಸಿ ಸೇರಿಸಿದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡು ಹೇಳಲಿಲ್ಲ.

ಆಲ್ಬಮ್ ಹೊರಬಂದ ಭಾನುವಾರ ಮಾಮ ಅಂಗಡಿಗೆ ಜನ ಸೇರಿಸಿದ್ದರು. ಪಕ್ಕದ ಟೈಲರ್, ಟೀ ಅಂಗಡಿಯವರು, ಅತ್ತೆ, ನಮ್ಮಪ್ಪ. ತಾವೇ ಮಾಡಿದ ದೊಡ್ಡ ಸ್ಪೀಕರಿಗೆ ಅತ್ತೆಯ ಫೋನು ಜೋಡಿಸಿ ಹಾಡು ಹಾಕಿದರು. ಹದಿನಾರು ನಿಮಿಷ ಇತ್ತು, ಒಂದು ಮಾತು ಹೇಳಿ ನಿಲ್ಲಿಸಬಹುದಿತ್ತು. ಮೂರು ಪೆಟ್ಟು ಬಿದ್ದವು. ಮಾಮ ನಗುತ್ತಾ ಮುಂದಕ್ಕೆ ಬಾಗಿ, "ಈಗ ಕೇಳ್ರಪ್ಪ, ಇದು ನಂದು" ಎಂದರು.

ಬಂದದ್ದು ಅವರದ್ದಲ್ಲ. ಎರಡು ಕ್ಷಣ ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ಅಭ್ಯಾಸಬಲದಿಂದ ಕೈ ಅರ್ಧ ಮೇಲೆದ್ದಿತು. ನನ್ನ ಕಡೆ ನೋಡಿದರು. ಕೂತಿದ್ದ ಜನರ ಕಡೆ ನೋಡಿದರು. ಕೈ ಕೆಳಗಿಳಿಸಿದರು. ಅಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಪೂರ್ತಿ ನಾಲ್ಕು ನಿಮಿಷ ಕೂತು ಕೇಳಿದರು, ನನ್ನ ಮರ್ಯಾದೆ ಉಳಿಸುವುದಕ್ಕಾಗಿ. ಟೀ ಅಂಗಡಿಯವರು ಚಪ್ಪಾಳೆ ತಟ್ಟಿ "ನಿಮ್ದು ಭಾಳ ಚೆನ್ನಾಗೈತೆ" ಎಂದರು. ಮಾಮ ಏನೂ ತಿದ್ದಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ, "ಅವ್ರು ಚೆನ್ನಾಗೇ ಮುಗಿಸವ್ರೆ ಕಣಮ್ಮ" ಎಂದರು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಇರುವ ಸಿಟ್ಟು ಅದೇ, ಬೈಯಬೇಕಾದ ದಿನ ಬೈಯಲಿಲ್ಲ.

ಒಂದು ತಿಂಗಳು ಬಿಟ್ಟು ಹೋದಾಗ ಬುಲ್‌ಬುಲ್ ಮೇಲೆ ಬಟ್ಟೆ ಹೊದಿಸಿತ್ತು. ಯಾಕೆ ಎಂದೆ. "ಕೈಗೆ ಅವ್ರದ್ದೇ ಬರ್ತದಮ್ಮ. ನಂದು ಬರ್ತಾ ಇಲ್ಲ" ಎಂದು ಬೆರಳುಗಳನ್ನು ನೋಡಿಕೊಂಡರು. ನಾನು ಅಲ್ಲಿಂದಲೇ ಸ್ಟುಡಿಯೊಗೆ ಫೋನ್ ಮಾಡಿ ಮಾಮ ನುಡಿಸಿದ್ದ ಆ ಹಳೆಯ ರೆಕಾರ್ಡಿಂಗ್ ಕೊಡಿ ಎಂದೆ. "ಫೈನಲ್ ಮಾತ್ರ ಇಟ್ಕೋತೀವಿ ಮೇಡಂ, ಮಿಕ್ಕಿದ್ದೆಲ್ಲ ಡಿಲೀಟ್" ಎಂದ ರೆಕಾರ್ಡ್ ಮಾಡಿದವನು. ಅವನ ಮೇಲೆ ಕೂಗಾಡಿದೆ. ಏನು ಬಂತು? ತೆಗೆಸಿದವಳು ನಾನು.

ಹೋದ ವರ್ಷ ಮಂಡಿಕಲ್‌ನಲ್ಲಿ ಯಾರದ್ದೋ ಮದುವೆಗೆ ಹೋಗಿದ್ದ ಮಾಮ ಊಟದ ಪಂಕ್ತಿಯಲ್ಲೇ ಎದೆ ಹಿಡಿದುಕೊಂಡರಂತೆ. ಆಸ್ಪತ್ರೆ ತಲುಪಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಫೋಟೊದ ಮುಂದೆ ಅತ್ತೆ ಬುಲ್‌ಬುಲ್ ಇಟ್ಟಿದ್ದರು. ನನ್ನನ್ನು ಕರೆದು ಅದರೆದುರು ಕೂರಿಸಿದರು.

"ನಿಂಗೂ ಇದರ ಮೇಲೆ ಕೈ ಓಡುತ್ತಲ್ಲ. ನುಡಿಸಮ್ಮ. ಮೊದಲಿನದ್ದೆಲ್ಲ ಬೇಡ. ಕೊನೇದು, ನಂದು ನಂದು ಅಂತಿದ್ರಲ್ಲ, ಅಷ್ಟು ನುಡಿಸು. ಕೇಳಿ ಎಷ್ಟು ದಿನ ಆಯ್ತೋ."

ಬೆರಳು ಕೀಲಿಗಳ ಮೇಲಿಟ್ಟೆ. ಆ ಇಂಗ್ಲೆಂಡಿನವರ ಇಪ್ಪತ್ತು ನಿಮಿಷವೂ ಒಂದು ಸ್ವರ ತಪ್ಪದೆ ನನಗೆ ಬರುತ್ತದೆ. ಇದರಲ್ಲಿ ಮೊದಲ ನಾಲ್ಕು ಸ್ವರ ಬಂದವು, ಐದನೆಯದು ಎಲ್ಲಿಗೆ ಹೋಗುತ್ತಿತ್ತೆಂದು ಗೊತ್ತಾಗಲಿಲ್ಲ. ಇನ್ನೊಮ್ಮೆ ಶುರುಮಾಡಿದೆ. ಅಲ್ಲೇ ನಿಂತಿತು.

"ಬರಲ್ಲ ಅತ್ತೆ."

"ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆಯಲ್ಲೇ?"

"ತಪ್ಪು ಅಂದ್ಕೊಂಡು ಕಲೀಲೇ ಇಲ್ಲ" ಎಂದೆ.

ಅತ್ತೆ ಬುಲ್‌ಬುಲ್ ಮೇಲೆ ಮತ್ತೆ ಬಟ್ಟೆ ಹೊದಿಸಿದರು. ಆಮೇಲೆ, "ಏಳಮ್ಮ, ಎಲೆ ಹಾಕವ್ರೆ" ಎಂದರು.