ಹರ್ತಿನಿಯವರಿಗೆ ಸಿಕ್ಕ ಮೊದಲ ವಾಕ್ಯ

ಸೋಲೊ ಊರಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ಯಾರಾಗ್ರಾಫ್ ಬರೆಯುವುದನ್ನು ಕಲಿಸುತ್ತಲೇ ಹರ್ತಿನಿಯವರ ಕೂದಲು ನರೆತಿತ್ತು. ಕಲಿಸುತ್ತಿದ್ದುದು ಒಂದೇ ಪಾಠ: ಹೇಳಬೇಕಾದ್ದನ್ನು ಮೊದಲ ವಾಕ್ಯದಲ್ಲೇ ಹೇಳಿ, ಆಮೇಲೆ ಕಾರಣ ಕೊಡಿ, ಉದಾಹರಣೆ ಕೊಡಿ. ಇಷ್ಟಕ್ಕೆ ಗಂಟಲು ಹರಿದುಕೊಂಡದ್ದೇ ಬಂತು. ಹುಡುಗರು ಮೊದಲು ದೇವರಿಗೆ ವಂದನೆ ಸಲ್ಲಿಸಿ, ತಮ್ಮ ಅಲ್ಪಜ್ಞಾನಕ್ಕೆ ಕ್ಷಮೆ ಕೇಳಿ, ಅನಾದಿಕಾಲದಿಂದ ಮನುಷ್ಯ ಹೇಗೆ ಬದುಕಿದ ಎಂಬ ಪುರಾಣ ಬಿಚ್ಚಿ, ಕೊನೆಗೆ ಯಾವ ಪಕ್ಷವನ್ನೂ ಹಿಡಿಯದೆ ‘ಎರಡೂ ತಮ್ಮ ತಮ್ಮ ಜಾಗದಲ್ಲಿ ಒಳ್ಳೆಯವೇ’ ಎಂದು ಮುಗಿಸುತ್ತಿದ್ದರು. ಜೀವಮಾನದಲ್ಲಿ ಒಬ್ಬರಾದರೂ ವಿಷಯವನ್ನು ಮೊದಲ ಸಾಲಿನಲ್ಲಿ ಇಟ್ಟದ್ದನ್ನು ನೋಡಿ ನಿವೃತ್ತಳಾಗಬೇಕು ಎಂಬುದೊಂದೇ ಅವರ ಆಸೆ.

ಹುಡುಗರು ದಡ್ಡರಾಗಿದ್ದರೆ ಕೈ ತೊಳೆದುಕೊಳ್ಳಬಹುದಿತ್ತು. ಅವರು ದಡ್ಡರಲ್ಲ, ಮರ್ಯಾದಸ್ಥರು. ಹರ್ತಿನಿಯವರ ತಾಯಿಯೂ ಪಕ್ಕದ ಮನೆಗೆ ಉಪ್ಪು ಕೇಳಲು ಹೋದರೆ ಮೊದಲು ಅವರ ಮಲ್ಲಿಗೆ ಬಳ್ಳಿಯನ್ನು ಹೊಗಳಿ, ಮೊಮ್ಮಗುವಿನ ಕೆಮ್ಮು ವಿಚಾರಿಸಿ, ಎದ್ದು ಚಪ್ಪಲಿ ಮೆಟ್ಟುವಾಗ ‘ಅಂದಹಾಗೆ’ ಎಂದು ಉಪ್ಪಿನ ಮಾತು ತೆಗೆಯುತ್ತಿದ್ದವರು. ಹಾಗೆ ಬೆಳೆದ ಮಕ್ಕಳಿಗೆ ಹೊಸ್ತಿಲಲ್ಲೇ ನಿಂತು ಉಪ್ಪು ಕೇಳಿ ಎಂದು ಕಲಿಸುವುದು ತಮ್ಮ ಉದ್ಯೋಗ ಎಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಸಿಟ್ಟು ಇಳಿಯುತ್ತದೆಯೇ?

ಆ ವರ್ಷ ಸಿಟ್ಟೆಲ್ಲ ವುರ್ಯಾನಿಯ ಮೇಲೆ ತಿರುಗಿತು. ಬಟ್ಟೆಗೆ ಮೇಣದಿಂದ ಚಿತ್ತಾರ ಬಿಡಿಸುವ ಬಾಟಿಕ್ ಕೆಲಸದವರ ಮನೆಯ ಮೆತ್ತನೆಯ ಹುಡುಗಿ. ಇದೇ ವಿಷಯದಲ್ಲಿ ಎರಡು ಸಲ ಫೇಲಾಗಿದ್ದಳು. ಈ ಸಲವೂ ಆದರೆ ಕಾಲೇಜು ಬಿಡಬೇಕಿತ್ತು.

“ಇದರಲ್ಲಿ ನಿನ್ನ ಅಭಿಪ್ರಾಯ ಎಲ್ಲಿದೆಯಮ್ಮ?” ಒಂದು ದಿನ ತರಗತಿಯಲ್ಲಿ ಅವಳ ಹಾಳೆ ಎತ್ತಿ ಹಿಡಿದು ಕೇಳಿದರು.

“ಇದೆ ಬು,” ಎಂದಳು. ಬು ಎಂದರೆ ಅಮ್ಮ, ಟೀಚರನ್ನು ಕರೆಯುವುದೂ ಹಾಗೆಯೇ.

“ಎಲ್ಲಿ? ಬೆರಳಿಟ್ಟು ತೋರಿಸು.”

ಬೆರಳು ಹಾಳೆಯುದ್ದಕ್ಕೂ ಇಳಿದು ಕೆಳಗಿನ ಖಾಲಿ ಜಾಗಕ್ಕೆ ಬಂದು ನಿಂತಿತು. “ಓದಿದೋರಿಗೆ ಗೊತ್ತಾಗುತ್ತಲ್ವಾ ಬು.”

“ನಂಗೊತ್ತಾಗಲ್ಲ. ಪಕ್ಕದ ಜೊಗ್ಜಾಗೆ ಹೋಗು ಅಂದ್ರೆ ಸುರಬಾಯಾ ಸುತ್ಕೊಂಡು ಹೋಗೋಳು ನೀನು.”

ಹುಡುಗರು ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು. ವುರ್ಯಾನಿಯೂ ತಲೆ ತಗ್ಗಿಸಿ ಮುಗುಳ್ನಕ್ಕಳು. ಆ ನಗು ನೋಡಿ ಹರ್ತಿನಿಯವರಿಗೆ ಇನ್ನಷ್ಟು ಉರಿಯಿತು.

ಪರೀಕ್ಷೆಗೆ ಕೊಟ್ಟ ವಿಷಯ ‘ನಮ್ಮ ವಿಭಾಗದಲ್ಲಿ ಆಗಬೇಕಾದ ಒಂದು ಬದಲಾವಣೆ’. ಶನಿವಾರ ಮಧ್ಯಾಹ್ನ ಮನೆಯ ಜಗಲಿಯಲ್ಲಿ ತಿದ್ದಲು ಕುಳಿತರು. ಅದೇ ವಂದನೆ, ಅದೇ ಕ್ಷಮೆ. ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದುಕೊಳ್ಳುತ್ತಲೇ ವುರ್ಯಾನಿಯ ಉತ್ತರ ತೆಗೆದರು.

ಮೊದಲ ವಾಕ್ಯ ಹೀಗಿತ್ತು: ‘ಬು ಹರ್ತಿನಿಯವರು ಪಾಠ ಮಾಡುವ ರೀತಿ ಬದಲಾಗಬೇಕು, ಏಕೆಂದರೆ ಅವರಿಗೆ ಹೆದರಿ ನಾವು ಏನನ್ನೂ ಬರೆಯಲಾರೆವು.’

ಅದರ ಕೆಳಗೆ ಕಾರಣ. ಕೆಂಪು ಶಾಯಿಯ ಅಡಿಯಲ್ಲಿ ನಮ್ಮ ಸಾಲುಗಳು ನಮಗೇ ಕಾಣುವುದಿಲ್ಲ. ಒಬ್ಬರನ್ನು ಎಲ್ಲರೆದುರು ನಗೆಪಾಟಲು ಮಾಡಿದರೆ ಉಳಿದವರ ಬಾಯಿಯೂ ಕಟ್ಟುತ್ತದೆ. ಉದಾಹರಣೆಗೆ ಸುರಬಾಯಾ. ಒಂದೊಂದು ವಾಕ್ಯವೂ ಮೊದಲನೆಯದಕ್ಕೆ ಆತುಕೊಂಡು ನಿಂತಿತ್ತು.

ಹರ್ತಿನಿಯವರ ಮುಖ ಬಿಸಿಯಾಯಿತು. ತಪ್ಪು ಹುಡುಕಲು ಮತ್ತೆ ಮತ್ತೆ ಓದಿದರು, ಒಂದೂ ಸಿಗಲಿಲ್ಲ. ಎದ್ದು ಹೋಗಿ ಬೆಳಿಗ್ಗೆಯೇ ನೀರು ಹಾಕಿದ್ದ ಕುಂಡಗಳಿಗೆ ಇನ್ನೊಮ್ಮೆ ಹಾಕಿದರು. ವಾಪಸು ಬಂದು ಪೂರ್ತಿ ಅಂಕ ಬರೆದರು.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ವುರ್ಯಾನಿ. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಸೆರಾಬಿ ಎಂಬ ತೆಂಗಿನ ಹಾಲಿನ ದೋಸೆ. ಕುರ್ಚಿಯ ತುದಿಯಲ್ಲಿ ಕುಳಿತು ರಸ್ತೆಯ ಗದ್ದಲದ ಬಗ್ಗೆ ಹೇಳಿದಳು, ಮೆಣಸಿನಕಾಯಿ ತುಟ್ಟಿಯಾದುದನ್ನು ಹೇಳಿದಳು, ಕುಂಡದ ಹೂಗಳನ್ನು ಹೊಗಳಿದಳು. ಎದುರಿಗಿಟ್ಟ ಟೀಯನ್ನು ಮುಟ್ಟಲಿಲ್ಲ. ಮನೆಯವರು ‘ಮೊಂಗೊ’ ಎನ್ನುವ ತನಕ ಅತಿಥಿ ಲೋಟ ಎತ್ತುವಂತಿಲ್ಲ. ಹರ್ತಿನಿಯವರು ಬೇಕೆಂದೇ ಹೇಳಿರಲಿಲ್ಲ.

“ಪಾಸಾಗಿದ್ದೀಯ. ಪೂರ್ತಿ ಅಂಕ,” ಎಂದರು.

ಹುಡುಗಿಯ ಕಣ್ಣು ತುಂಬಿತು. “ತಪ್ಪಾಯ್ತು ಬು. ಕೈಯಲ್ಲಿ ಹೇಗೋ ಬಂದ್ಬಿಡ್ತು. ಆಮೇಲೆ ನಿದ್ದೆ ಹತ್ತಲಿಲ್ಲ.”

“ಅದೆಲ್ಲ ಬೇಡ. ಒಂದೇ ಮಾತು ಹೇಳು. ನೀನು ಬರೆದದ್ದು ನಿಜವಾ?”

ಇಲ್ಲ ಬು ಎಂದುಬಿಡಲಿ ಎಂದು ಅವರ ಜೀವವೆಲ್ಲ ಕಾಯುತ್ತಿತ್ತು. ಊರಿನ ಯಾವ ಮಗುವಾದರೂ ಹಿರಿಯರ ಮುಖ ನೋಡಿ ಅಷ್ಟು ಸುಳ್ಳು ಹೇಳುತ್ತಿತ್ತು.

ವುರ್ಯಾನಿ ಎಲೆಯ ಪೊಟ್ಟಣವನ್ನು ಮೆಲ್ಲಗೆ ಮುಂದಕ್ಕೆ ಸರಿಸಿದಳು. “ಸೆರಾಬಿ ಬಿಸಿ ಇದೆ ಬು. ಆರಿದ್ಮೇಲೆ ಚೆನ್ನಾಗಿರಲ್ಲ.”

ಹರ್ತಿನಿಯವರೂ ಅದೇ ಊರಲ್ಲಿ ಹುಟ್ಟಿ ಬೆಳೆದವರು, ಉತ್ತರ ತಿಳಿಯಿತು. ಈ ಸಲ ಬೆರಳಿಟ್ಟು ತೋರಿಸು ಎನ್ನಲಿಲ್ಲ.

“ಮೊಂಗೊ,” ಎಂದರು, “ಟೀ ಕುಡಿ.”